ನೀರಿನ ಡಬ್ಬಿಗೆ ಸಾಕ್ಷಿ ಹೇಳಿದವನು

ಅವನನ್ನು ಎಲ್ಲರೂ ನಿಧಾನಪ್ಪ ಎನ್ನುತ್ತಿದ್ದರು. ಆಸ್ಪತ್ರೆಯ ಹಿಂದಿನ ಗೇಟಿನಿಂದ ಶವ ಸಾಗಿಸುವ ವ್ಯಾನ್ ಓಡಿಸುವುದು ಅವನ ಕೆಲಸ. ಆ ಗಾಡಿಯನ್ನು ಜೋರಾಗಿ ಓಡಿಸುವಂತಿಲ್ಲ. ಹಿಂದೆ ಕೂತವರು ಅಳುತ್ತಿರುತ್ತಾರೆ. ರಸ್ತೆಯ ಉಬ್ಬು ಸಿಕ್ಕರೆ ಮಲಗಿದವರ ತಲೆ ಅಲುಗುತ್ತದೆ, ಅದನ್ನು ನೋಡಿ ಇವರು ಇನ್ನೂ ಜೋರಾಗಿ ಅಳುತ್ತಾರೆ. ವರ್ಷಗಟ್ಟಲೆ ಹೀಗೆ ಓಡಿಸಿ ಅವನ ನಡಿಗೆ, ಊಟ, ಮಾತು ಎಲ್ಲವೂ ನಿಧಾನವಾಗಿದ್ದವು. "ನಿಧನಕ್ಕೂ ನಿಧಾನಕ್ಕೂ ಒಂದು ದೀರ್ಘದ ವ್ಯತ್ಯಾಸ, ಇವನು ಎರಡಕ್ಕೂ ಡ್ರೈವರು" ಎಂದು ಆಂಬುಲೆನ್ಸಿನವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಮದುವೆಯಾಗಿರಲಿಲ್ಲ. ಕೆಲಸ ಯಾವುದೆಂದು ಕೇಳಿದ ಮೇಲೆ ಹೆಣ್ಣಿನ ಕಡೆಯವರು ಮತ್ತೆ ಬರುತ್ತಿರಲಿಲ್ಲ. ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಇದ್ದ. ಅಕ್ಕ ಮುಂದಿನ ಕೋಣೆಯಲ್ಲಿ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಭಾವ ಸ್ವಂತ ಟ್ಯಾಕ್ಸಿ ಇಟ್ಟುಕೊಂಡು ದೂರದ ಬಾಡಿಗೆ ಹೊಡೆಯುತ್ತಿದ್ದ. ದೊಡ್ಡ ಗಂಟಲು, ಕಾಲು ಸದಾ ಆಕ್ಸಿಲರೇಟರಿನ ಮೇಲೆ. "ಆ ಗಾಡಿ ಮಾತ್ರ ಮನೆ ಮುಂದೆ ನಿಲ್ಲಿಸಬೇಡ ಮಾರಾಯ" ಎಂದು ಭಾವ ಮೊದಲೇ ಹೇಳಿದ್ದರಿಂದ ನಿಧಾನಪ್ಪ ವ್ಯಾನನ್ನು ಬೀದಿಯ ಕೊನೆಯಲ್ಲಿ, ಮುಚ್ಚಿಹೋದ ಪೇಂಟಿನ ಅಂಗಡಿಯ ಮುಂದೆ ಬಿಟ್ಟು ನಡೆದು ಬರುತ್ತಿದ್ದ. ಮನೆಯಲ್ಲಿ ಅವನನ್ನು ಯಾರೂ ಕೆಟ್ಟದಾಗಿ ನೋಡಿಕೊಂಡವರಲ್ಲ. "ಊಟ ಆಯ್ತಾ?" ಎನ್ನುವುದರಾಚೆ ಏನನ್ನೂ ಕೇಳಿದವರೂ ಅಲ್ಲ.

ಹಿಂದಿನ ಗೇಟಿಗೆ ಒಂದು ದಿನ ಬಿಳಿ ಶೂ ಹಾಕಿದ ಮಾರಾಟಗಾರನೊಬ್ಬ ಬಂದ. ಅವನ ಕೈಯಲ್ಲಿ ಪಾರದರ್ಶಕ ಡಬ್ಬಿಯೊಂದಿತ್ತು. ಅದರೊಳಗೆ ನೀರು, ಒಂದಿಷ್ಟು ಬಿಳಿ ಪುಡಿ, ಲೋಹದ ತಗಡುಗಳು. ಬ್ಯಾಟರಿಯಿಂದ ಕರೆಂಟು ಕೊಟ್ಟರೆ ನೀರು ಒಡೆದು ಹೈಡ್ರೋಜನ್ ಬರುತ್ತದೆ, ಅದು ಇಂಜಿನ್ನಿಗೆ ಹೋದರೆ ಡೀಸೆಲ್ಲು ಪೂರ್ತಿ ಉರಿದು ಮೈಲೇಜು ಏರುತ್ತದೆ ಎಂದ.

"ನಿನಗೆ ಪುಕ್ಕಟೆ ಹಾಕಿಕೊಡ್ತೀನಣ್ಣ. ಚೆನ್ನಾಗಿದ್ರೆ ನಾಲ್ಕು ಮಾತು ಹೇಳು, ಸಾಕು."

"ನನ್ನ ಮಾತು ಯಾರು ಕೇಳ್ತಾರೆ?"

"ನಿನ್ನದೇ ಕೇಳೋದು. ಹೆಣದ ಗಾಡಿಯವನು ಸುಳ್ಳು ಹೇಳ್ತಾನೆ ಅಂತ ಯಾರೂ ಅಂದ್ಕೊಳ್ಳಲ್ಲ."

ಅವತ್ತೇ ಬಾನೆಟ್ ಎತ್ತಿ ಡಬ್ಬಿ ಕೂರಿಸಿದ. ಜೊತೆಗೆ ಏರ್ ಫಿಲ್ಟರ್ ಬಿಚ್ಚಿ ಧೂಳು ಹೊಡೆದ, ಟೈರುಗಳಿಗೆ ಗಾಳಿ ತುಂಬಿಸಿದ. "ಗಾಡಿ ನಿಂತಾಗ ಇಂಜಿನ್ ಆಫ್ ಮಾಡ್ಬೇಕು, ಇಲ್ಲದಿದ್ರೆ ನೀರು ಬೇಗ ಖಾಲಿಯಾಗುತ್ತೆ" ಎಂದು ಎಚ್ಚರಿಸಿದ. ಅದುವರೆಗೆ ಸತ್ತವರ ಮನೆಯ ಮುಂದೆ ಜನ ಸೇರುವತನಕ, ಹೂವಿನವನು ಬರುವತನಕ, ದೂರದ ತಮ್ಮ ತಲುಪುವತನಕ ವ್ಯಾನಿನ ಇಂಜಿನ್ ಸುಮ್ಮನೆ ಉರಿಯುತ್ತಲೇ ಇರುತ್ತಿತ್ತು.

ಮೈಲೇಜು ನಿಜವಾಗಿಯೂ ಏರಿತು. ನಿಧಾನಪ್ಪನಿಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಆ ಗುಳ್ಳೆಗಳು. ಬೆಳಿಗ್ಗೆ ಇಂಜಿನ್ ಶುರುಮಾಡಿ ಬಾನೆಟ್ ಎತ್ತಿ, ಅವು ಸಾಲುಗಟ್ಟಿ ಮೇಲೇರುವುದನ್ನು ನೋಡುತ್ತ ನಿಲ್ಲುತ್ತಿದ್ದ. ಬಿಳಿ ಶೂನವನು ಬಂದು ಫೋನಿನಲ್ಲಿ ವೀಡಿಯೋ ತೆಗೆದ. "ನಾನು ಸುಳ್ಳು ಹೇಳಲ್ಲ. ನನ್ನ ಗಾಡಿ ಮೊದಲಿಗಿಂತ ಹೆಚ್ಚು ಓಡ್ತಾ ಇದೆ" ಎಂದು ನಿಧಾನಪ್ಪ ತನ್ನ ಗತಿಯಲ್ಲೇ ಹೇಳಿದ. ಆ ಗತಿಯೇ ಜನರಿಗೆ ನಂಬಿಕೆ ತಂದಿತು.

ಅವನ ದೆಸೆಯೇ ಬದಲಾಯಿತು. ಕಂಡರೆ ಮುಖ ತಿರುಗಿಸುತ್ತಿದ್ದ ಟ್ಯಾಕ್ಸಿಯವರು ಚಹಾ ಕೊಡಿಸಿ ವಿಚಾರಿಸತೊಡಗಿದರು. ಕೊನೆಗೆ ಭಾವನೂ ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೇಳಿದ.

"ನಿಜ ಹೇಳು, ಹಾಕಿಸಲಾ?"

"ಹಾಕಿಸಿ ಭಾವ. ನಾನಿದ್ದೀನಲ್ಲ."

ಭಾವ ಹಾಕಿಸಿದ. ಅವನ ಗಾಡಿಯ ಮೈಲೇಜು ಮಾತ್ರ ಏರಲಿಲ್ಲ. ನಿಧಾನಪ್ಪ ಬಿಳಿ ಶೂನವನಿಗೆ ಫೋನು ಮಾಡಿದ. "ಪುಡಿ ಜಾಸ್ತಿ ಹಾಕೋಕೆ ಹೇಳಿ, ಗ್ಯಾಸು ಜಾಸ್ತಿ ಬರುತ್ತೆ" ಎಂಬ ಉತ್ತರ ಬಂತು. ಅದನ್ನೇ ಭಾವನ ಕಿವಿಗೆ ಹಾಕಿದ. ಭಾವ ಇನ್ನಷ್ಟು ಪುಡಿ ಸುರಿದ.

ಅದಾಗಿ ಕೆಲವು ವಾರಗಳ ಮೇಲೆ, ಒಂದು ಸೋಮವಾರ, ವ್ಯಾನಿನ ಹೆಡ್‌ಲೈಟ್ ಕೆಟ್ಟಿತೆಂದು ನಿಧಾನಪ್ಪ ಗ್ಯಾರೇಜಿನ ಎಲೆಕ್ಟ್ರಿಷಿಯನ್ ಹತ್ತಿರ ಹೋದ. ಆತ ಬಾನೆಟ್ಟಿನೊಳಗೆ ತಲೆ ಹಾಕಿದವನು ಹಾಗೇ ನಿಂತ.

"ಇದರ ವೈರು ಯಾವಾಗ ತುಂಡಾಯ್ತು?"

"ಯಾವುದರದ್ದು?"

"ನಿನ್ನ ಮ್ಯಾಜಿಕ್ ಡಬ್ಬಿದು. ನೋಡು, ತುದಿಗೆ ಕಿಲುಬು ಹಿಡಿದಿದೆ. ಇದು ಸತ್ತು ಎಷ್ಟೋ ಕಾಲ ಆಗಿದೆ."

ನಿಧಾನಪ್ಪ ಬಗ್ಗಿ ನೋಡಿದ. ನೀರು ಅಲ್ಲಾಡದೆ ನಿಂತಿತ್ತು. ಚಹಾ ಕುಡಿಸುವವರು ಹೆಚ್ಚಿದ ಮೇಲೆ ಬೆಳಗಿನ ಗುಳ್ಳೆ ನೋಡುವುದನ್ನು ಅವನು ಯಾವಾಗಲೋ ಬಿಟ್ಟಿದ್ದ.

"ಮೈಲೇಜು ಹಂಗೇ ಇದೆಯಲ್ಲ!"

"ಇರುತ್ತೆ. ಫಿಲ್ಟರ್ ಕ್ಲೀನ್ ಆಗಿದೆ, ಟೈರಲ್ಲಿ ಗಾಳಿ ಇದೆ, ನಿಂತಾಗ ಆಫ್ ಮಾಡ್ತೀಯ. ಡಬ್ಬಿಯಿಂದ ಏನು ಬಂತು? ಆ ಗ್ಯಾಸು ಮಾಡೋಕೆ ಕರೆಂಟು ಬೇಕು, ಕರೆಂಟು ಕೊಡೋದು ಇಂಜಿನ್ನು, ಇಂಜಿನ್ನು ಕುಡಿಯೋದು ಡೀಸೆಲ್ಲು. ಒಂದು ಬಿಂದಿಗೆ ನೀರು ಹೊತ್ತು ತರೋಕೆ ದಾರೀಲಿ ಎರಡು ಬಿಂದಿಗೆ ಕುಡಿದ ಹಾಗೆ."

ಅವತ್ತೇ ಭಾವನಿಗೆ ಹೇಳಬೇಕೆಂದು ನಿಧಾನಪ್ಪ ಮನೆಗೆ ಹೋದ. ಭಾವನ ಇಬ್ಬರು ಟ್ಯಾಕ್ಸಿ ಗೆಳೆಯರು ಊಟಕ್ಕೆ ಬಂದಿದ್ದರು. ಭಾವ ಅವನ ಭುಜದ ಮೇಲೆ ಕೈ ಹಾಕಿ, "ಇವನೇ ನಮ್ಮ ಹೆಂಡ್ತಿ ತಮ್ಮ. ಆ ವೀಡಿಯೋದಲ್ಲಿರೋನು" ಎಂದ. ಅಷ್ಟು ವರ್ಷಗಳಲ್ಲಿ ಭಾವ ಅವನನ್ನು ಒಬ್ಬರಿಗೆ ಪರಿಚಯಿಸಿದ್ದು ಅದೇ ಮೊದಲು. ನಾಲಿಗೆಯ ತುದಿಗೆ ಬಂದದ್ದನ್ನು ನಿಧಾನಪ್ಪ ತುತ್ತಿನ ಜೊತೆ ನುಂಗಿದ. ನಾಳೆ ಹೇಳಿದರಾಯಿತು ಅಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ. ಅಷ್ಟರಲ್ಲಿ ಭಾವ ದೂರದ ಬಾಡಿಗೆಗೆ ಹೊರಟುಹೋದ.

ಫೋನು ಬಂದಾಗ ಅಕ್ಕ ಕಾಲರ್ ಹೊಲಿಯುತ್ತಿದ್ದಳು. ಘಟ್ಟ ಹತ್ತುವಾಗ ಬಾನೆಟ್ಟಿನಿಂದ ನೊರೆ ಉಕ್ಕಿತೆಂದು ಭಾವ ಗಾಡಿ ನಿಲ್ಲಿಸಿ, ಕಾದ ಡಬ್ಬಿಯ ಮುಚ್ಚಳ ತಿರುಗಿಸಿದ್ದ. ಮೈ ಸುಡುವ ಆ ಕಾಸ್ಟಿಕ್ ಪುಡಿ ತುಂಬಿದ ನೀರು ನೇರ ಮುಖಕ್ಕೆ ಸಿಡಿದಿತ್ತು. ಪ್ರಯಾಣಿಕರು ತಮ್ಮ ಬಳಿಯಿದ್ದ ಕುಡಿಯುವ ನೀರನ್ನೆಲ್ಲ ಹೊಯ್ದರು. ಅದು ಎಲ್ಲಿಗೂ ಸಾಲಲಿಲ್ಲ.

ಆಸ್ಪತ್ರೆಯ ಮುಂದಿನ ಬಾಗಿಲಿನಿಂದ ನಿಧಾನಪ್ಪ ಒಳಗೆ ಹೋದದ್ದು ಅವತ್ತೇ ಮೊದಲು. ಎಡಗಣ್ಣು ಉಳಿಯುತ್ತದೆ, ಬಲಗಣ್ಣು ಸುಟ್ಟು ಬಿಳಿಚಿಕೊಂಡಿದೆ, ಅದರಲ್ಲಿ ನೋಟ ಮರಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಕಾರಿಡಾರಿನ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತು ಅವನು ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಆ ಡಬ್ಬಿಯಿಂದ ಏನೂ ಆಗುವುದಿಲ್ಲವೆಂದು ತನಗೆ ಗೊತ್ತಿತ್ತು ಎಂದ.

"ಯಾವಾಗ ಗೊತ್ತಾಯ್ತು?"

"ಸೋಮವಾರ."

ಅಕ್ಕ ಅವನ ಕಡೆ ತಿರುಗಿದಳು. "ಸೋಮವಾರ ಎಲ್ಲರೂ ಒಟ್ಟಿಗೆ ಊಟ ಮಾಡಿದ್ವಲ್ಲೋ."

"ಹೂಂ."

"ನಾನೇ ಬಡಿಸಿದ್ದೆ." ಸೆರಗಿನಿಂದ ಮೂಗೊರೆಸಿಕೊಂಡಳು. "ಅವರಿಗೆ ನೀನೇ ಹೇಳು. ನನ್ನ ಬಾಯಲ್ಲಿ ಹೇಳಿಸಬೇಡ."

ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಭಾವ ಕೊನೆಯತನಕ ಕೇಳಿಸಿಕೊಂಡ. ಬೈಯುತ್ತಾನೆಂದು ನಿಧಾನಪ್ಪ ಕಾದ. ಭಾವ ಗೋಡೆಯ ಕಡೆಗೆ ಹೊರಳಿದ. ಅಷ್ಟೆ.

ಟ್ಯಾಕ್ಸಿ ಮಾರಾಟವಾಯಿತು. ಭಾವನಿಗೆ ಒಂದು ಕಾರ್ ಪಾರ್ಕಿಂಗಿನಲ್ಲಿ ಚೀಟಿ ಹರಿದುಕೊಡುವ ಕೆಲಸ ಸಿಕ್ಕಿತು. ನಿಧಾನಪ್ಪ ಬೇರೆ ಕೋಣೆ ಹುಡುಕುತ್ತೇನೆಂದಾಗ ಅಕ್ಕ, "ಎಲ್ಲಿಗೋ ಹೋಗ್ತೀಯ? ಸುಮ್ಮನಿರು" ಎಂದು ಗದರಿದಳು. ಹಾಗಾಗಿ ಮೂವರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಭಾವನಿಗೆ ಉಪ್ಪು ಬೇಕಾದರೆ ಅಕ್ಕನನ್ನು ಕೇಳುತ್ತಿದ್ದ, ಉಪ್ಪು ನಿಧಾನಪ್ಪನ ಕೈಯ ಹತ್ತಿರವೇ ಇದ್ದರೂ.

ಬಿಳಿ ಶೂನವನ ಫೋನು ಬಂದ್ ಆಗಿತ್ತು. ಬಿಡುವು ಸಿಕ್ಕಾಗಲೆಲ್ಲ ನಿಧಾನಪ್ಪ ಒಂದೊಂದೇ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ, ಡಬ್ಬಿ ಕಿತ್ತುಹಾಕಿ ಎಂದು ಕೈಮುಗಿದು ಬೇಡಿಕೊಂಡ. "ಬೇರೆ ಕಂಪನಿಯವರು ಕೈ ಬಿಸಿ ಮಾಡಿದ್ರಾ?" ಎಂದು ಕೆಲವರು ಕಿಚಾಯಿಸಿದರು. ಒಬ್ಬ ಅವನ ಮುಂದೆಯೇ ಫೋನು ಹಿಡಿದು ವೀಡಿಯೋ ಹಾಕಿದ. ನಾನು ಸುಳ್ಳು ಹೇಳಲ್ಲ ಎಂದು ಅದರಲ್ಲಿದ್ದ ನಿಧಾನಪ್ಪ ಹೇಳಿದ. "ಇವನನ್ನ ನಂಬಲಾ, ನಿನ್ನನ್ನ ನಂಬಲಾ?" ಎಂದು ಆತ ಕೇಳಿದಾಗ ಸುತ್ತಲಿದ್ದವರೆಲ್ಲ ನಕ್ಕರು. ಶಾಲಾ ವ್ಯಾನ್ ಓಡಿಸುವ ಹೆಂಗಸೊಬ್ಬಳು ಮಾತ್ರ ಏನೂ ಕೇಳದೆ ಬಾನೆಟ್ ಎತ್ತಿ, "ಬಿಚ್ಚಿಕೊಡಿ ಅಣ್ಣ" ಎಂದಳು.

ಕಣ್ಣಿನ ತಪಾಸಣೆಗೆ ಭಾವನನ್ನು ಕರೆದೊಯ್ಯುವ ಕೆಲಸ ನಿಧಾನಪ್ಪನದೇ ಆಯಿತು. ಅಕ್ಕನಿಗೆ ಹೊಲಿಗೆ ಬಿಟ್ಟೇಳಲಾಗುತ್ತಿರಲಿಲ್ಲ. ಶವದ ವ್ಯಾನ್ ಹತ್ತಲು ಭಾವ ಒಪ್ಪಲಿಲ್ಲ, ಬಸ್ಸಿನಲ್ಲೇ ಹೋಗುತ್ತಿದ್ದರು. ಭಾವ ಕೂರುತ್ತಿದ್ದ, ಇವನು ಪಕ್ಕದ ಕಂಬಿ ಹಿಡಿದು ನಿಲ್ಲುತ್ತಿದ್ದ. ಒಮ್ಮೆ ಬಸ್ಸು ತುಂಬಿ ಎಡಗಡೆ ಜನ ಗೋಡೆಯಂತೆ ನಿಂತುಬಿಟ್ಟರು. ಕಿಟಕಿಯಿದ್ದದ್ದು ಭಾವನ ಬಲಕ್ಕೆ, ನೋಟವಿಲ್ಲದ ಕಣ್ಣಿನ ಕಡೆಗೆ. ಅವನು ಎರಡು ಸಲ ಕತ್ತು ಹೊರಳಿಸಿ ನೋಡಿದ. ಎಲ್ಲಿದ್ದೇವೆಂದು ತಿಳಿದಂತೆ ಕಾಣಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ಆಸ್ಪತ್ರೆ ಸ್ಟಾಪು ದಾಟಿತಾ?" ಎಂದು ಕೇಳಿದ. ಯಾರನ್ನು ಕೇಳಿದನೆಂದು ಅವನ ಮುಖದಿಂದ ಹೇಳುವ ಹಾಗಿರಲಿಲ್ಲ.

"ಇಲ್ಲ ಭಾವ" ಎಂದ ನಿಧಾನಪ್ಪ. "ಬಂದಾಗ ಹೇಳ್ತೀನಿ."

ಸ್ಟಾಪು ಬಂದಾಗ ಇವನು ಹೇಳಿದ, ಇಬ್ಬರೂ ಇಳಿದರು.