ನಮ್ಮ ಮನೆಯ ಮೇಲೆ ದೋಣಿವಿಹಾರ

ಬಾಗಲಕೋಟೆಯ ಚಳಿಯನ್ನು ಚಳಿ ಎನ್ನುವುದು ಅದಕ್ಕೆ ತುಸು ಹೆಚ್ಚಿನ ಮರ್ಯಾದೆಯೇ. ಆದರೂ ಇಂದು ಬೆಳಿಗ್ಗೆ ಮಗನಿಗೆಂದು ಟ್ರಂಕಿನಿಂದ ಮಂಕಿಟೋಪಿ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಅದರ ಹಿಂದೆಯೇ ಅಪ್ಪ ನೆನಪಿಗೆ ಬಂದು ನಿಂತ, ಇಂಥದ್ದೇ ಟೋಪಿ ತೊಟ್ಟು, ಮೂಗೊಂದನ್ನೇ ಹೊರಗಿಟ್ಟು.

ಅಪ್ಪ ದರ್ಜಿ. ಅಳತೆಯ ಟೇಪಿಗಿಂತ ನಾಲಿಗೆ ಉದ್ದ. ಹಳೆ ಊರಿನ ನಮ್ಮ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ನಾವು ನವನಗರಕ್ಕೆ ಬಂದಾಗ ನಾನು ತೊಟ್ಟಿಲ ಕೂಸು. ಅಂದಿನಿಂದ ಅಪ್ಪ ನೀರಿನ ಕಡೆ ಹಾಯ್ದಿರಲಿಲ್ಲ. ಅದೇ ನೀರಿನ ದಂಡೆಗೆ ಪಾರ್ಕಾಗಿ, ದೋಣಿ ಬಂದಾಗ, "ಮನಿ ಮುಳುಗಿಸಿ ಅದರ ಮ್ಯಾಲೆ ಆಟ ಆಡ್ರಿ ಅಂತಾರ. ಭಾಳ ದೊಡ್ಡ ಮನಸು" ಎಂದಿದ್ದ.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಚಳಿಗಾಲದ ಒಂದು ರವಿವಾರ ಅವ್ವ ಆಜ್ಞೆ ಹೊರಡಿಸಿದಳು: "ಸಾಲ್ಯಾಗಿನ ಹುಡುಗೂರೆಲ್ಲಾ ಬೋಟಿನ್ಯಾಗ ಕುಂತ ಬಂದಾವ. ಇದೊಂದ ಅಳಾಕ್ಹತ್ತೈತಿ. ಕರಕೊಂಡ ಹೋಗ್ರಿ." ಅವ್ವನ ಮುಂದೆ ಅಪ್ಪನ ಕತ್ತರಿ ಮೊಂಡ.

ಪಾರ್ಕಿನಲ್ಲಿ ಹುಲ್ಲಿರಲಿಲ್ಲ, 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಬೋರ್ಡಿತ್ತು. ಅಪ್ಪ ಭಕ್ತಿಯಿಂದ ಅದಕ್ಕೆ ಕೈಮುಗಿದ. ದೋಣಿ ಹಂಸದ ಆಕಾರದ್ದಂತೆ. ಕೊಕ್ಕು ಮುರಿದು, ಬಾತುಕೋಳಿಗೂ ಅವಮಾನವಾಗುವಂತಿತ್ತು. ನನ್ನ ಕಾಲು ಪೆಡಲಿಗೆ ಎಟುಕದ್ದರಿಂದ ಅಪ್ಪನೇ ಹತ್ತಬೇಕಾಯಿತು. ಹೊಲಿಗೆ ಮಿಷನ್ ತುಳಿದ ಕಾಲು, ಹಂಸ ಓಡತೊಡಗಿತು.

"ಯಜಮಾನ್ರ, ಆ ಕಡೆ ಬ್ಯಾಡ್ರಿ! ನೀರಾಗ ಹಳೀ ಗ್ವಾಡಿ ಅದಾವ!" ದಂಡೆಯಿಂದ ದೋಣಿಯವನು ಕೂಗಿದ.

"ನಮ್ಮ ಓಣಿಗೆ ಹೋಗಾಕ ನಿನ್ನ ಕೇಳಬೇಕೇನೋ?" ಅಪ್ಪ ತಿರುಗಿಯೂ ನೋಡಲಿಲ್ಲ.

ನೀರಿನ ಮೇಲೆ ತುದಿಯಷ್ಟೇ ಕಾಣುತ್ತಿದ್ದ ಒಂದು ಗುಡಿಯ ಗುರುತು ಹಿಡಿದು ಎಡಕ್ಕೆ ಹೊರಳಿದ, ಸಂತೆಯಿಂದ ಮನೆಗೆ ಮರಳುವವನ ಹಾಗೆ. ಮುಂದೆ ಒಂದು ಕಡೆ ತುಳಿಯುವುದನ್ನು ನಿಲ್ಲಿಸಿ, ಚಪ್ಪಲಿ ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟ.

"ಚಪ್ಪಲ್ ಯಾಕ ಬಿಚ್ಚಿದಿ ಅಪ್ಪಾ?"

"ಮನ್ಯಾಗ ಯಾರರ ಚಪ್ಪಲ್ ಹಾಕ್ಕೋತಾರೇನವಾ?"

ನಾನೂ ಬಿಚ್ಚಿದೆ. ಅವ್ವ ಕಟ್ಟಿಕೊಟ್ಟ ಬುತ್ತಿಯ ಸಜ್ಜಿ ರೊಟ್ಟಿ ಮುರಿದು ನೀರಿಗೆ ಹಾಕಿದರೆ ಮೀನುಗಳು ಮುತ್ತಿದವು.

"ಹೊಸಾ ಬಾಡಿಗಿದಾರ್ರು. ನಿಮ್ಮಜ್ಜಿ ಅಡಗಿ ಮನ್ಯಾಗ ಇಳಕೊಂಡಾರ" ಎಂದು ಅಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ತಲೆಯ ಮೇಲಿನ ಮಂಕಿಟೋಪಿಯನ್ನು ಕಣ್ಣಿನ ತನಕ ಎಳೆದುಕೊಂಡು, "ಭಾಳ ಥಂಡಿ ಐತಿ" ಎಂದ. ಮಧ್ಯಾಹ್ನದ ಬಿಸಿಲು ಚುರುಗುಡುತ್ತಿತ್ತು.

"ಅಪ್ಪಾ, ನಾ ಹುಟ್ಟಿದ್ದೆಲ್ಲಿ?"

"ಇಲ್ಲೇ. ಸೀದಾ ಕೆಳಗ."

ಬಾಗಿ ನೋಡಿದೆ. ಹಸಿರು ನೀರು ಬಿಟ್ಟು ಏನೂ ಕಾಣಲಿಲ್ಲ. "ಕಾಣತೈತಿ" ಎಂದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ.

ಆಮೇಲೆ ನಾವು ಆ ಕಡೆ ಹೋಗಲಿಲ್ಲ. ಕರೆದರೆ ಅಪ್ಪನಿಗೆ ನೋವಾದೀತೆಂದು ನಾನು ಇಷ್ಟು ವರ್ಷ ಮಹಾ ಜಾಣೆಯಂತೆ ಸುಮ್ಮನಿದ್ದೆ. ಕರೆಯದಿದ್ದರೂ ನೋವಾಗಬಹುದೆಂಬುದು ಇಂಥ ಜಾಣರಿಗೆ ಹೊಳೆಯುವುದಿಲ್ಲ. ಇಂದು ಫೋನು ಮಾಡಿದೆ.

"ಅಪ್ಪಾ, ಮೊಮ್ಮಗನ್ನ ಕರಕೊಂಡ ಪಾರ್ಕಿಗೆ ಹೋಗೂಣೇನು?"

"ಪಾರ್ಕಿಗೆ ನಾ ಬರಂಗಿಲ್ಲ."

"ಮನಿಗೆ?"

ಆ ಕಡೆ ಕತ್ತರಿ ಕೆಳಗಿಟ್ಟ ಸದ್ದು ಕೇಳಿಸಿತು.

"ಹಂಗಂತ ಮೊದಲ ಹೇಳಬಾರದೇನವಾ? ತಡಿ, ಬ್ಯಾರೆ ಅಂಗಿ ಹಾಕ್ಕೊಂಡ ಬರ್ತೇನಿ."