ಮೂರನೇ ಬಾಟಲಿ

ಅವರ ಅಂಗಿಯ ಬಲತೋಳು ಒಣಗಿದ ಹಾಲಿನಿಂದ, ಗಂಜಿ ಹಾಕಿ ಇಸ್ತ್ರಿ ಮಾಡಿದ ಹಾಗೆ ಸೆಟೆದು ನಿಂತಿರುತ್ತಿತ್ತು. ವ್ಯಾನಿನಿಂದ ಇಳಿದರೆ ಸಾಕು, ಎಲ್ಲಿದ್ದವೋ ಏನೋ, ಎರಡು ಬೆಕ್ಕು ಬಂದು ಕಾಲು ಸುತ್ತುತ್ತಿದ್ದವು. "ಹೋಗ್ರೇ ಅತ್ಲಾಗೆ, ನಿಮ್ಮಪ್ಪನ ಡೈರಿ ಅಲ್ಲ ಇದು" ಎಂದು ಗದರಿ, ಕ್ಯಾನಿನ ಮುಚ್ಚಳದಲ್ಲಿ ಉಳಿದ ನಾಲ್ಕು ಹನಿಯನ್ನು ಅವಕ್ಕೇ ಬಗ್ಗಿಸುತ್ತಿದ್ದರು. ನಾನು ಅವರನ್ನು ಡ್ರೈವರಣ್ಣ ಎನ್ನುತ್ತಿದ್ದೆ. ದೋಣಿಗಲ್ ಕಡೆಯ ಹಳ್ಳಿಗಳ ಹಾಲನ್ನು ಆಲೂರಿನ ಮೇಲೆ ಹಾಸನಕ್ಕೆ ಒಯ್ಯುವವರು. ನೀರು ಬೆರೆಸಿದ ಹಾಲನ್ನು ವ್ಯಾನಿಗೆ ಹತ್ತಿಸದ ಮನುಷ್ಯ ಎಂದು ದಾರಿಯುದ್ದಕ್ಕೂ ಹೆಸರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಎರಡನೇ ವರ್ಷ. "ಅದೇನು, ಗಿಡ ನೆಡೋ ಓದಾ?" ಎಂದು ಮನೆಯಲ್ಲೇ ನಗುತ್ತಿದ್ದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗಳ ನೀರು ಹಳ್ಳವನ್ನು ಎಷ್ಟು ಕೆಡಿಸುತ್ತದೆ ಎನ್ನುವುದು ನನ್ನ ಪ್ರಬಂಧ. ದೋಣಿಗಲ್ ಹತ್ತಿರ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ಮೂರು ಬಾಟಲಿ ತುಂಬುತ್ತಿದ್ದೆ: ಪಲ್ಪರ್ ಮನೆಯ ಮೇಲೊಂದು, ಕೆಳಗೊಂದು, ಇನ್ನೂ ಕೆಳಗೆ ಎಸ್ಟೇಟಿನ ಆಳುಗಳ ಲೈನ್ ಮನೆಯ ಹೆಂಗಸರು ಕುಡಿಯುವ ನೀರು ಹಿಡಿಯುವ ಕಡೆ ಮೂರನೆಯದು. ಬಾಟಲಿಗಳು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಹಾಲಿನ ವ್ಯಾನು ಹತ್ತಿ ಹಾಸನಕ್ಕೆ ಹೋಗಬೇಕು, ಅಲ್ಲಿ ನನ್ನ ಗೆಳತಿ ಲ್ಯಾಬಿಗೆ ಒಯ್ಯಬೇಕು. ಪೆಟ್ಟಿಗೆಗೆ ಸಕಲೇಶಪುರದ ಮೀನಿನಂಗಡಿಯಿಂದ ಐಸು ತಂದುಕೊಡುತ್ತಿದ್ದವರೂ ಡ್ರೈವರಣ್ಣನೇ.

ಮೊದಲ ದಿನವೇ ಅವರಿಗೆ ದೊಡ್ಡ ಮೇಡಮ್ಮಿನ ಹಾಗೆ ಪಾಠ ಹೇಳಿದ್ದೆ: "ಬಾಟಲಿ ಕುತ್ತಿಗೆವರೆಗೂ ತುಂಬಿರಬೇಕು ಅಣ್ಣಾ. ಒಂಚೂರು ಗಾಳಿ ಇದ್ರೂ ರಿಸಲ್ಟ್ ಕೆಡುತ್ತೆ." ಅವರು ಶ್ರದ್ಧೆಯಿಂದ ತಲೆಯಾಡಿಸಿದ್ದರು.

ಹದಿನೈದು ದಿನದ ಫಲಿತಾಂಶ ನೋಡಿ ನಾನು ಕುಣಿದುಬಿಟ್ಟೆ. ಎರಡನೇ ಬಾಟಲಿ ಹೊಲಸು, ಮೂರನೆಯದು ಹೆಚ್ಚುಕಡಿಮೆ ಶುದ್ಧ! ಹಳ್ಳ ತನ್ನನ್ನು ತಾನೇ ತೊಳೆದುಕೊಳ್ಳುತ್ತಿದೆ ಎಂದು ಒಂದು ಅಧ್ಯಾಯವನ್ನೇ ಬರೆದೆ. "ಇದೇ ನಿನ್ನ ಪ್ರಬಂಧದ ಜೀವ" ಎಂದರು ನನ್ನ ಗೈಡ್ ಮೇಷ್ಟ್ರು. ಆ ಸಂಭ್ರಮದಲ್ಲೇ ಡ್ರೈವರಣ್ಣನಿಗೆ ಹೇಳಿದೆ: "ಲೈನಿನ ಮಕ್ಕಳು ಧೈರ್ಯವಾಗಿ ಆ ನೀರು ಕುಡೀಬೋದು ಅಣ್ಣಾ!" ಅವರು ನಗಲಿಲ್ಲ. ಪೆಟ್ಟಿಗೆ ಇಟ್ಟುಕೊಂಡು ಹೊರಟುಹೋದರು.

ಎರಡು ದಿನ ಬಿಟ್ಟು, ಹಾಲು ಹಾಕಲು ಜನ ಸಾಲು ನಿಂತಿದ್ದಾಗಲೇ ನನ್ನನ್ನು ಪಕ್ಕಕ್ಕೆ ಕರೆದರು.

"ಆ ಮೂರನೇ ಬಾಟ್ಲಿ ಮುಚ್ಚಳ ಸಡ್ಲ ಐತೆ ಕಣವ್ವ. ತಿರುವಲ್ಲಿ ದಿನಾ ಚೆಲ್ಲೋಯ್ತದೆ. ಮುಕ್ಕಾಲು ಬಾಟ್ಲಿ ಹೋದ್ರೆ ನಿಂಗೆ ಮಾರ್ಕು ಹೋಯ್ತದೆ ಅಂತ, ಆಲೂರಲ್ಲಿ ನಲ್ಲಿ ನೀರು ತುಂಬ್ಸಿ ಕಳಿಸ್ಬುಡ್ತಿದ್ದೆ. ಕುತ್ಗೆವರ್ಗೂ."

ಅಯ್ಯೋ ದೇವರೇ! ನನ್ನ ಪಿತ್ತ ನೆತ್ತಿಗೇರಿತು. "ಹಾಲಿಗೆ ನೀರು ಹಾಕ್ದೋರ ಮಾನ ಕಳೀತೀರಲ್ಲ, ನೀವು ಮಾಡಿದ್ದೇನು?" ಎಂದು ಅಷ್ಟೂ ಜನರ ಮುಂದೆ ಕೂಗಾಡಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಬಯ್ಯಿ ಮಾರಾಯ್ತಿ. ಸುಮ್ನಿದ್ದಿದ್ರೆ ನಿಂಗೆ ಗೊತ್ತೇ ಆಗ್ತಿರ್ಲಿಲ್ಲ. ಆದ್ರೆ ಮಕ್ಳು ಕುಡೀಬೋದು ಅಂದ್ಬುಟ್ಯಲ್ಲ. ಎರಡು ದಿನದಿಂದ ಗಂಟ್ಲಲ್ಲಿ ಮುದ್ದೆ ಇಳೀತಿಲ್ಲ ಕಣವ್ವ" ಎಂದರು.

ಕಾಫಿ ಕೊಯ್ಲು ಮುಗಿದು ಪಲ್ಪರ್ ನಿಲ್ಲಲು ಹತ್ತೇ ದಿನ ಉಳಿದಿತ್ತು. ಹೊಸ ಮುಚ್ಚಳ ತಂದೆವು. ಪೆಟ್ಟಿಗೆಯನ್ನು ಅವರು ಪಕ್ಕದ ಸೀಟಿಗೇ ತಮ್ಮ ಟವೆಲ್ಲಿನಿಂದ ಬಿಗಿದು, ತಿರುವಿನಲ್ಲಿ ಎತ್ತಿನಗಾಡಿಯ ಹಾಗೆ ನಿಧಾನ ಹೋಗಿ, ತಡವಾಯಿತೆಂದು ಡೈರಿಯಲ್ಲಿ ಬೈಸಿಕೊಂಡರು. ಈ ಸಲ ಮೂರನೇ ಬಾಟಲಿಯೂ ಹೊಲಸೇ. ಅಧ್ಯಾಯ ಹರಿದುಹಾಕಿ ಮತ್ತೆ ಬರೆದೆ. ಮೇಷ್ಟ್ರು ಆ ವರದಿಯನ್ನು ಎಸ್ಟೇಟಿನವರಿಗೆ ತೋರಿಸಿದ್ದರಿಂದ ಮುಂದಿನ ಬೇಸಿಗೆಯಲ್ಲಿ ಲೈನಿಗೆ ಬಾವಿಯಾಯಿತು.

ಇನ್ನು ನನ್ನ ಸಣ್ಣತನ ಹೇಳಬೇಕು. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಮೇಷ್ಟ್ರು, ಎಸ್ಟೇಟಿನ ಮಾಲೀಕರು, ಗೆಳತಿ, ಚಿಕ್ಕಮ್ಮ ಎಲ್ಲರೂ ಇದ್ದರು. ಡ್ರೈವರಣ್ಣ ಇರಲಿಲ್ಲ. ಹಾಲಿನ ವ್ಯಾನಿನ ಡ್ರೈವರ್ ಇಲ್ಲಿ ಯಾಕೆ ಬಂದ ಎಂದು ಪರೀಕ್ಷಕರು ಕೇಳಿದರೆ ನಲ್ಲಿ ನೀರಿನ ಕಥೆಯೆಲ್ಲ ಹೊರಬೀಳುತ್ತದಲ್ಲ ಎಂಬ ನಾಚಿಕೆ. ಬೈಂಡ್ ಆಗಿ ಬಂದ ಪ್ರಬಂಧದ ಪುಸ್ತಕ ತೋರಿಸಿದಾಗ ಡ್ರೈವರಣ್ಣ ಕೈ ಒರೆಸಿಕೊಂಡು ಮುಟ್ಟಿದರು. "ಎಲ್ಲಾ ಇಂಗ್ಲೀಷಲ್ಲೈತೆ. ನಮ್ಮ ವ್ಯಾನಿಂದು ಎಲ್ಲೈತವ್ವ?" ಎಂದರು. ನಾನು ಕೈಗೆ ಸಿಕ್ಕ ಪುಟ ತೆಗೆದು ಒಂದು ಸಾಲು ತೋರಿಸಿ, "ಇಗೋ, ಇಲ್ಲಿ" ಎಂದೆ. ಅವರ ಮುಖ ಅರಳಿತು. ಪುಟದ ಮೂಲೆ ಮಡಚಿ, ಆ ಪ್ರತಿಯನ್ನು ಕೇಳಿ ತೆಗೆದುಕೊಂಡು ಹೋದರು.

ನಾಲ್ಕು ವರ್ಷದ ಮೇಲೆ ಎದೆನೋವು ಬಂದು ಹೋಗಿಬಿಟ್ಟರು. ಸುದ್ದಿ ತಡವಾಗಿ ತಿಳಿದು ತಿಥಿಯ ದಿನ ಹೋದೆ. ಅವರ ಹೆಂಡತಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಪುಸ್ತಕ ತಂದರು. "ಬಂದೋರಿಗೆಲ್ಲ ಇದ್ನೇ ತೋರ್ಸೋರು. ನಮ್ಗೆ ಓದಕ್ಕೆ ಬರಲ್ಲ. ಅವ್ರ ವಿಷ್ಯ ಬರ್ದಿರೋದ್ನ ನೀನೇ ಓದವ್ವ" ಎಂದು ಆ ಪುಟ ತೆಗೆದುಕೊಟ್ಟರು. ನೆಂಟರೆಲ್ಲ ಹತ್ತಿರ ಸರಿದು ಕೂತರು.

ಅದರಲ್ಲಿದ್ದದ್ದು ಲ್ಯಾಬಿನಲ್ಲಿ ಬಳಸಿದ ರಾಸಾಯನಿಕಗಳ ಪಟ್ಟಿ. ಅದರ ಮೇಲೆ ಬೆರಳಿಟ್ಟು ಓದಿದೆ: "ಈ ಕೆಲಸದಲ್ಲಿ ನಿಜ ಅನ್ನೋದು ಏನಾದರೂ ಇದ್ದರೆ ಅದು ನಮ್ಮ ಹಾಲಿನ ವ್ಯಾನಿನ ಅಣ್ಣನಿಂದ ಬಂದದ್ದು. ಯಾರೂ ಕೇಳದೆ ತಮ್ಮ ತಪ್ಪನ್ನು ತಾವೇ ಬಂದು ಹೇಳಿದರು. ಅಂಥವರನ್ನು ನಾನು ನೋಡಿಲ್ಲ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓದವ್ವ" ಎಂದರು.

ಪುಟ ನೋಡಿದೆ. ಈಗಷ್ಟೇ ಓದಿದ ಮಾತು ಒಂದೂ ನೆನಪಿಗೆ ಬರಲಿಲ್ಲ.