ಸೋಲ್ತೀನಿ ಎಂದ ಮೇಲೆ

"ಇನ್ನು ಮೂರೇ ನಡೆ ಮೇಡಂ, ಆಮೇಲೆ ಚೆಕ್‌ಮೇಟ್," ಎಂದರು ನಮ್ಮ ಮನೆ ಮಾಲೀಕರು. ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ಭಾನುವಾರದ ಚೆಸ್ ನಡೆದಿತ್ತು. ಚೆಕ್‌ಮೇಟ್ ಕಂಡವರು ಅದನ್ನು ಮೊದಲೇ ಹೇಳುವುದು ಮರ್ಯಾದೆ ಎಂಬುದು ಅವರ ಪದ್ಧತಿ. ಎಂದಿನಂತೆ ಸೋತೆನೆಂದು ನಾನು ಕಾಯಿಗಳನ್ನು ಎತ್ತಿಡಲು ಹೋದೆ.

"ನಿಮಗಲ್ಲ, ನನಗೆ. ಗೆಲ್ಲೋದು ನೀವು," ಎಂದರು.

ಬೋರ್ಡನ್ನು ಎಷ್ಟು ನೋಡಿದರೂ ನನ್ನ ಗೆಲುವು ನನಗೆ ಕಾಣಲಿಲ್ಲ. ಕೇಳಲು ನಾಚಿಕೆ. ಧೈರ್ಯ ಮಾಡಿ ಆನೆಯನ್ನು ಸರಿಸಿದೆ. ಅವರ ಮುಖ ಬಿಗಿಯಾಯಿತು. "ಮೂರು ನಡೆ ಅಂತ ಹೇಳಿದ ಮೇಲೆ ಹಾಗೇ ಆಗ್ಬೇಕಲ್ವಾ ಮೇಡಂ," ಎಂದು ಆನೆಯನ್ನು ಅವರೇ ಹಿಂದಕ್ಕಿಟ್ಟರು. ನಾನು ಕುದುರೆ ಮುಟ್ಟಿದಾಗ ಕೆಮ್ಮಿದರು. ಮಂತ್ರಿಯನ್ನು ಮುಟ್ಟಿದಾಗ ಕೆಮ್ಮು ನಿಂತಿತು. ಹೀಗೆ ಅವರ ಕೆಮ್ಮನ್ನೇ ನಂಬಿ ಮೂರು ನಡೆ ಮುಗಿಸಿದೆ. ಅವರ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಅವರು ಎದ್ದು ಕೈ ಮುಗಿದು, "ಹೇಳಿದ್ನಲ್ಲ," ಎಂದು ಪಂದ್ಯ ಗೆದ್ದವರ ಹಾಗೆ ಮಹಡಿ ಹತ್ತಿ ಹೋದರು.

ಒಮ್ಮೆಯಾದರೂ ಅವರನ್ನು ಸೋಲಿಸಬೇಕೆಂಬ ಆಸೆ ನನಗೆ ಬಹಳ ದಿನದಿಂದ ಇತ್ತು, ಅದು ಈಡೇರಿತು. ಆದರೆ ಒಳಗಿನಿಂದ ನಮ್ಮ ಯಜಮಾನರು, "ಯಾರು ಗೆದ್ದಿದ್ದು?" ಎಂದು ಕೇಳಿದಾಗ ನಾನೂ ಕೆಮ್ಮಿದೆ.